ದುಡ್ಡು ಸುರಿದ ತಂಡ ಸೋತ ದಿನ

ಅಮೆರಿಕದಿಂದ ಬಂದ ವಾರದಲ್ಲೇ ಈ ಪತ್ರಿಕೆಯ ಸಂಪಾದಕರು ನನ್ನಲ್ಲಿ ಒಂದು ಪ್ರವಾಸ ಕಥನ ಕೇಳಿದ್ದರು. ಒಪ್ಪಿಕೊಂಡೆ, ಬರೆಯಲಿಲ್ಲ. ದೀಪಾವಳಿ ಸಂಚಿಕೆಗಾದರೂ ಕೊಡಿ ಎಂದರು, ಮೊಣಕಾಲು ನೋವು ಎಂದೆ. ಯುಗಾದಿಗೆ ಎಂದರು, ಕನ್ನಡಕ ಬದಲಿಸಬೇಕು ಎಂದೆ. ಮೊಣಕಾಲಿಗೂ ಬರವಣಿಗೆಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ, ಒಳ್ಳೆಯ ಮನುಷ್ಯ. ಅಲ್ಲಿ ನೋಡಿದ್ದನ್ನು ಬರೆಯಲು ನನಗೆ ಏನೂ ತೊಂದರೆ ಇರಲಿಲ್ಲ. ಆದರೆ ಅದನ್ನು ಬರೆಯಲು ಕೂತರೆ ನಾನು ಇಲ್ಲಿ, ನಮ್ಮೂರಿನಲ್ಲಿ, ಮಾಡಿದ ಒಂದು ಕೆಲಸವನ್ನೂ ಬರೆಯಬೇಕಾಗುತ್ತಿತ್ತು. ಅದಕ್ಕೇ ಮುಂದೂಡಿದೆ. ಇನ್ನು ಮುಂದೂಡುವ ವಯಸ್ಸಲ್ಲ.

ನಾನು ಹೈಸ್ಕೂಲು ಮುಗಿಸಿ ನೇರ ಬಸ್ಸಿನ ವ್ಯವಹಾರಕ್ಕೆ ಇಳಿದವನು. ಕಾರ್ಕಳದಿಂದ ಉಡುಪಿಗೆ, ಉಡುಪಿಯಿಂದ ಕಾರ್ಕಳಕ್ಕೆ ನನ್ನ ಬಸ್ಸುಗಳು ಓಡುತ್ತಿದ್ದ ಕಾಲ ಒಂದಿತ್ತು. ಬಸ್ಸು ಮರೆತ ಹಳಬರೂ ನಮ್ಮ ವಾಲಿಬಾಲ್ ತಂಡವನ್ನು ಮರೆತಿರಲಾರರು. ಆ ತಂಡದ ವಿಷಯ ಮುಂದೆ ಬರುತ್ತದೆ.

ಫಾಸ್ಟರ್ ಸಿಟಿ

ನನ್ನ ತಂಗಿ ಜಲಜ ಮದುವೆಯಾಗಿ ಆ ದೇಶಕ್ಕೆ ಹೋಗಿ ಬಹಳ ವರ್ಷವಾಯಿತು. ಭಾವ ಸಾಂಟಾ ಕ್ಲಾರಾದ ಒಂದು ಚಿಪ್ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದು ಈಗ ನಿವೃತ್ತರಾಗಿದ್ದಾರೆ. ಬೆಳಿಗ್ಗೆ ಟೊಪ್ಪಿ ಹಾಕಿ ನಡೆಯಲು ಹೋಗುತ್ತಾರೆ, ಬಂದು ಪೇಪರು ಓದುತ್ತಾರೆ, ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಜಲಜಳೇ ಆಡುತ್ತಾಳೆ.

ಫಾಸ್ಟರ್ ಸಿಟಿಯ ಅವರ ಮನೆಯ ಹಿಂದೆಯೇ ನೀರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರನ್ನು ಊರಿನೊಳಗೆ ಕಾಲುವೆಯಂತೆ ತಿರುಗಿಸಿ, ಅದರ ಬದಿಯಲ್ಲಿ ಸಾಲಾಗಿ ಮನೆ ಕಟ್ಟಿದ್ದಾರೆ. ಕಡಲಿನ ಮಕ್ಕಳಾದ ನಮಗೆ ಅದು ಒಂದು ವಿಚಿತ್ರ ನೀರು. ಅಲೆ ಇಲ್ಲ, ವಾಸನೆ ಇಲ್ಲ, ದೋಣಿ ಎಳೆಯುವವರ ಕೂಗಿಲ್ಲ. ಇರುವ ಗಲಾಟೆಯೆಲ್ಲ ದೊಡ್ಡ ಬಾತುಗಳದ್ದು. ಅವು ಹುಲ್ಲಿನ ಮೇಲೆ ಹಾಕಿದ ಹಿಕ್ಕೆ ತಪ್ಪಿಸಿ ನಡೆಯುವುದನ್ನು ಕಲಿಯಲು ನನಗೆ ಕೆಲವು ದಿನ ಬೇಕಾಯಿತು, ಒಂದು ಜೊತೆ ಚಪ್ಪಲಿಯೂ ಹೋಯಿತು.

ಜಲಜ ಮೀನು ಬೇಯಿಸುವುದು ಗ್ಯಾರೇಜಿನಲ್ಲಿ. ಮನೆಯೊಳಗೆ ಬಂಗುಡೆ ಹುರಿದರೆ ವಾಸನೆ ವಾರಗಟ್ಟಲೆ ಪರದೆಗೆ ಅಂಟಿಕೊಳ್ಳುತ್ತದಂತೆ. ಆದ್ದರಿಂದ ಕಾರು ನಿಲ್ಲಬೇಕಾದ ಜಾಗದಲ್ಲಿ ಒಂದು ಸಣ್ಣ ಗ್ಯಾಸು ಒಲೆ, ಒಂದು ಮೀನು ಕೊಯ್ಯುವ ಮಣೆ, ಒಂದು ಹಳೆಯ ರೇಡಿಯೋ. ಕಾರು ಬಿಸಿಲಲ್ಲಿ ನಿಲ್ಲುತ್ತದೆ. ಬಾಗಿಲು ಅರ್ಧ ಎತ್ತಿಟ್ಟು, ತಗ್ಗು ಸ್ಟೂಲಿನಲ್ಲಿ ಕೂತು ಅವಳು ಮೀನು ಹುರಿಯುತ್ತಾ ಬೇಸ್‌ಬಾಲ್ ಕೇಳುತ್ತಾಳೆ.

ನನ್ನ ತಂಗಿಗೆ ಈ ಹುಚ್ಚು ಇರುವುದು ನನಗೆ ಅಲ್ಲಿಗೆ ಹೋಗುವವರೆಗೆ ಗೊತ್ತಿರಲಿಲ್ಲ. ಮೊದಮೊದಲು ಹಗಲಿಡೀ ಒಬ್ಬಳೇ ಇರುವಾಗ ರೇಡಿಯೋ ಹಾಕಿದಳಂತೆ. ಆಟ ಅರ್ಥವಾಗುತ್ತಿರಲಿಲ್ಲ, ಆದರೆ ಹೇಳುವವನು ಒಬ್ಬೊಬ್ಬ ಆಟಗಾರನ ಹೆಸರನ್ನೂ ನಿಧಾನವಾಗಿ, ಮರ್ಯಾದೆಯಿಂದ ಹೇಳುತ್ತಿದ್ದ. ಮನೆಗೆ ನೆಂಟರು ಬಂದ ಹಾಗಾಗುತ್ತಿತ್ತು ಎಂದಳು. ಅವಳ ತಂಡ ಕೊಲ್ಲಿಯ ಆಚೆ ಬದಿಯ ಓಕ್‌ಲ್ಯಾಂಡಿನದ್ದು. ಬಡ ತಂಡ. ಕಡಿಮೆ ಸಂಬಳದ ಆಟಗಾರರನ್ನೇ ಕಟ್ಟಿಕೊಂಡು ದೊಡ್ಡವರ ಎದುರು ಗೆಲ್ಲುತ್ತಿದ್ದ ವರ್ಷಗಳೂ ಇದ್ದವು. ಈಗ ಆ ತಂಡ ಊರು ಬಿಟ್ಟು ಹೋಗಿದೆ. ಅದರ ಹಸಿರು ಟೊಪ್ಪಿಯನ್ನು ಅವಳು ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದಾಳೆ. ಹೊಗೆ ತಾಗಬಾರದೆಂದು ಮೇಲೊಂದು ಪ್ಲಾಸ್ಟಿಕ್ಕು.

ಶನಿವಾರ ಜಲಜಳ ಮೊಮ್ಮಗಳು ಪೂರ್ವಿ ಕಾಲೇಜಿನಿಂದ ಬರುತ್ತಿದ್ದಳು. ಅವಳು ಓದುವುದು ಅಂಕಿ ಅಂಶಗಳ ಶಾಸ್ತ್ರ. ಅಜ್ಜಿಗೂ ಮೊಮ್ಮಗಳಿಗೂ ಊಟದ ಹೊತ್ತಿಗೆ ಇದೇ ಜಗಳ: ತಂಡ ಗೆಲ್ಲುವುದು ದುಡ್ಡಿನಿಂದಲೋ ಅಲ್ಲವೋ. ಪೂರ್ವಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಅಡ್ಡಕ್ಕೆ ಹೋದಷ್ಟೂ ಸಂಬಳ ಜಾಸ್ತಿ, ಮೇಲಕ್ಕೆ ಹೋದಷ್ಟೂ ಗೆಲುವು ಜಾಸ್ತಿ, ಒಂದೊಂದು ಚುಕ್ಕೆಯೂ ಒಂದು ತಂಡ. ನೆಲಕ್ಕೆ ಸಾಸಿವೆ ಚೆಲ್ಲಿದ ಹಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಚೆಲ್ಲಿದ್ದು ಒಟ್ಟಾರೆ ಸ್ವಲ್ಪ ಮೇಲ್ಮುಖವಾಗಿ ಓರೆಯಾಗಿದೆ ಎಂದು ತಿಳಿಯುತ್ತಿತ್ತು.

"ಮನಿ ಹೆಲ್ಪು ಮಾಡುತ್ತೆ ಅಜ್ಜ. ಬಟ್ ಗ್ಯಾರಂಟಿ ಇಲ್ಲ," ಎಂದಳು ಪೂರ್ವಿ.

ಅವಳು ವಿವರಿಸಿದ್ದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಆ ಆಟದಲ್ಲಿ ಒಂದು ತಂಡ ಇಷ್ಟೇ ಖರ್ಚು ಮಾಡಬೇಕೆಂಬ ಕಟ್ಟುನಿಟ್ಟಿಲ್ಲ. ಒಂದು ಮಿತಿ ದಾಟಿದರೆ ದಂಡದ ಹಾಗೆ ತೆರಿಗೆ ಕಟ್ಟಬೇಕು, ಅಷ್ಟೆ. ಹೊಸದಾಗಿ ಬಂದ ಹುಡುಗರು ಎಷ್ಟೇ ಚೆನ್ನಾಗಿ ಆಡಿದರೂ ಮೊದಲ ಕೆಲವು ವರ್ಷ ಬೇರೆ ತಂಡಕ್ಕೆ ಹೋಗುವಂತಿಲ್ಲ, ಸಂಬಳವೂ ಅಷ್ಟಕ್ಕಷ್ಟೆ. ಆ ಅವಧಿ ಮುಗಿದ ಮೇಲೆ ಸಿರಿವಂತ ತಂಡಗಳು ರಾಶಿ ಸುರಿದು ಅವರನ್ನು ಕೊಳ್ಳುತ್ತವೆ. ಆ ಹೊತ್ತಿಗೆ ಎಷ್ಟೋ ಜನರ ಒಳ್ಳೆಯ ಆಟ ಮುಗಿದಿರುತ್ತದೆ. ಬಸ್ಸು ಆಗಲೇ ಓಡಿ ಮುಗಿಸಿದ ದಾರಿಗೆ ಈಗ ಡೀಸೆಲ್ ಹಾಕಿದ ಹಾಗೆ ಎಂದೆ ನಾನು. ಭಾವ ಪೇಪರಿನ ಹಿಂದೆ ನಕ್ಕರು. ಬಡ ತಂಡಗಳು ಹುಡುಗರನ್ನು ಹುಡುಕಿ ತಂದು, ಅವರು ದುಬಾರಿಯಾಗುವ ಮೊದಲು ಗೆಲ್ಲಲು ನೋಡುತ್ತವೆ. ಪೂರಾ ಋತು ಆಡಿದರೆ ದುಡ್ಡಿನ ತೂಕ ಸ್ವಲ್ಪ ಕಾಣುತ್ತದೆ, ಒಂದೇ ಒಂದು ಆಟ ಹಿಡಿದರೆ ಏನೂ ಹೇಳುವ ಹಾಗಿಲ್ಲ. ಇದು ಪೂರ್ವಿಯ ಲೆಕ್ಕ.

ನನಗೆ ಒಪ್ಪಿಗೆಯಾಗಲಿಲ್ಲ. ನಾನೂ ಒಂದು ಕಾಲದಲ್ಲಿ ದುಡ್ಡು ಕೊಟ್ಟು ತಂಡ ಕಟ್ಟಿದವನು. ದುಡ್ಡು ಹಾಕಿದ ಮೇಲೆ ಗೆಲ್ಲಲೇಬೇಕು, ಗೆಲ್ಲದಿದ್ದರೆ ನಡುವೆ ಯಾರೋ ಏನೋ ಮಾಡಿದ್ದಾರೆ ಎಂದೇ ಅರ್ಥ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಪೂರ್ವಿ ಬಟ್ಟಲಿನಿಂದ ತಲೆ ಎತ್ತಿ, "ಯಾರು ಅಜ್ಜ?" ಎಂದು ಕೇಳಿದಳು.

ಸುಮ್ಮನೆ ಕೇಳಿದ್ದು. ನಾನು ಇನ್ನೊಂದು ತುಂಡು ಬಂಗುಡೆ ಹಾಕಿಸಿಕೊಂಡೆ.

ಸಾಂಟಾ ಕ್ಲಾರಾ

ಕುಚ್ಚಲಕ್ಕಿ ಮುಗಿದಿತ್ತು. ಎಲ್ ಕಮೀನೋ ರಸ್ತೆಯ ಉದ್ದಕ್ಕೂ ನಮ್ಮವರ ಅಂಗಡಿಗಳು. ಒಂದರಲ್ಲಿ ತೊಂಡೆಕಾಯಿ ಆರಿಸುತ್ತಾ ನಿಂತಿದ್ದಾಗ ಜಲಜಳಿಗೆ ಪರಿಚಯದ ಪಾಟೀಲರು ಸಿಕ್ಕಿದರು. ಹುಬ್ಬಳ್ಳಿಯವರು, ಎಂಜಿನಿಯರ್, ಸ್ಯಾನ್ ಫ್ರಾನ್ಸಿಸ್ಕೋದ ಸಿರಿವಂತ ತಂಡದ ಪಕ್ಷ.

"ಏನ್ರಿ ಜಲಜಕ್ಕಾರ, ನಿಮ್ಮ ಟೀಮ್ ಊರ ಬಿಟ್ಟ ಹೋತಲ್ರಿ. ಇನ್ನರ ನಮ್ಮ ಕಡೆ ಬರ್ರಿ," ಎಂದರು.

"ಅದು ಗೆಲ್ಲುವಾಗ ನೀವು ಹುಬ್ಬಳ್ಳಿಯಲ್ಲಿ ಹೋಂವರ್ಕ್ ಮಾಡ್ತಾ ಇದ್ರಿ. ನಿಮಗೆಂತ ಗೊತ್ತುಂಟು?" ಎಂದಳು ಇವಳು, ತೊಂಡೆಕಾಯಿಯಿಂದ ಕಣ್ಣು ತೆಗೆಯದೆ.

ಪಾಟೀಲರು ಗಟ್ಟಿಯಾಗಿ ನಕ್ಕರು. ನಾನು ಅಣ್ಣ, ಊರಿನಿಂದ ಬಂದಿದ್ದೇನೆ ಎಂದು ತಿಳಿದದ್ದೇ ಅವರ ಧಾಟಿ ಬದಲಾಯಿತು. ನನ್ನ ಕಾಲು ಮುಟ್ಟಲು ಬಗ್ಗಿದರು, ಅಕ್ಕಿಯ ಚೀಲಗಳ ನಡುವೆ ಜಾಗ ಸಾಲದೆ ಮೊಣಕಾಲು ಮುಟ್ಟಿ ಸುಧಾರಿಸಿಕೊಂಡರು. ಬರುವ ಬುಧವಾರ ಮಧ್ಯಾಹ್ನದ ಆಟಕ್ಕೆ ಅವರಲ್ಲಿ ಎರಡು ಟಿಕೇಟು ಇದ್ದವು. ಅದೇ ದಿನ ಆಫೀಸಿನಲ್ಲಿ ತಪ್ಪಿಸಲಾಗದ ಮೀಟಿಂಗು. "ಹಿರ್ಯಾರು ಬಂದಾರ, ನೀವ ಹೋಗಿ ಬರ್ರಿ," ಎಂದು ಅಲ್ಲೇ ಜಲಜಳ ಫೋನಿಗೆ ಕಳಿಸಿದರು. ನಾನು ಕಾಗದದ ಟಿಕೇಟಿಗಾಗಿ ಕೈ ಚಾಚಿಕೊಂಡೇ ನಿಂತಿದ್ದೆ. ಜೀವಮಾನವಿಡೀ ಟಿಕೇಟು ಹರಿಸಿದವನ ಅಭ್ಯಾಸ.

ನಮ್ಮೂರಿನ ಮೈದಾನ

ಇದು ನನ್ನ ಪ್ರವಾಸದ ದಾರಿಯಲ್ಲಿ ಇಲ್ಲದ ಊರು. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಮೈದಾನಕ್ಕೆ ಹೋಗುವ ಮೊದಲು ಓದುವವರು ಇದನ್ನು ತಿಳಿದಿರಬೇಕು.

ನಮ್ಮ ವಾಲಿಬಾಲ್ ತಂಡ ಮೊದಲು ಬಸ್ಸಿನವರದ್ದೇ ಆಗಿತ್ತು. ಡ್ರೈವರುಗಳು, ಕ್ಲೀನರುಗಳು, ಕಂಡಕ್ಟರುಗಳು. ಸಂಜೆಯ ಟ್ರಿಪ್ಪು ಮುಗಿಸಿ ಶೆಡ್ಡಿನ ಹಿಂದೆ ಆಡುತ್ತಿದ್ದರು. ಅವರಲ್ಲಿ ಒಬ್ಬ ಕಂಡಕ್ಟರ್ ನಮ್ಮ ಲಿಫ್ಟರ್. ಹೊಡೆಯುವವನಿಗೆ ಚೆಂಡು ಎತ್ತಿ ಕೊಡುವವನನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಗಿಡ್ಡ ಆಳು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಚಿಲ್ಲರೆ ಕೊಡುತ್ತಿದ್ದ ಆ ಬೆರಳುಗಳಿಂದ ಚೆಂಡನ್ನು ಬಲೆಯ ಮೇಲೆ, ಶೆಲ್ಫಿನಲ್ಲಿ ಡಬ್ಬಿ ಇಟ್ಟ ಹಾಗೆ ಇಟ್ಟುಬಿಡುತ್ತಿದ್ದ. ಹೊಡೆದವನಿಗೆ ಚಪ್ಪಾಳೆ ಬೀಳುತ್ತಿತ್ತು. ಇವನು ಆಗಲೇ ಮುಂದಿನ ಚೆಂಡಿಗೆ ನಿಂತಿರುತ್ತಿದ್ದ.

ಸುತ್ತಲಿನ ಸಣ್ಣ ಪಂದ್ಯಾಟಗಳನ್ನು ಗೆದ್ದೆವು. ನನಗೆ ಆಸೆ ಹೆಚ್ಚಾಯಿತು. ನಮ್ಮ ಊರಿನಲ್ಲೇ, ನನ್ನದೇ ಅಧ್ಯಕ್ಷತೆಯಲ್ಲಿ ದೊಡ್ಡ ಪಂದ್ಯಾಟ ಇಟ್ಟೆ. ಗೆಲ್ಲಲೇಬೇಕೆಂದು ಬೆಂಗಳೂರಿನಿಂದ, ಕೇರಳದಿಂದ ಅತಿಥಿ ಆಟಗಾರರನ್ನು ತರಿಸಿದೆ. ಒಂದು ಹೊಸ ಎಂಜಿನ್ನಿಗೆಂದು ಇಟ್ಟ ದುಡ್ಡು ಅದಕ್ಕೆ ಹೋಯಿತು. ನನ್ನ ಡ್ರೈವರುಗಳು, ಕ್ಲೀನರುಗಳು ಹಗ್ಗದ ಹೊರಗೆ ನಿಂತು ನೋಡಿದರು. ಲಿಫ್ಟರ್ ಮಾತ್ರ ನಮ್ಮವನೇ ಉಳಿದ. ಬಂದವರು ಅವನು ಎತ್ತಿ ಕೊಟ್ಟ ನಾಲ್ಕು ಚೆಂಡು ಹೊಡೆದು ನೋಡಿ, ಇವನೇ ಇರಲಿ ಎಂದರು. ಅವರಿಗೆ ಲಕೋಟೆ, ಲಾಡ್ಜು, ಕೋಳಿ ಸುಕ್ಕ. ಅವನಿಗೆ ಒಂದು ದಿನದ ರಜೆ. ಅವನು ಏನೂ ಕೇಳಲಿಲ್ಲ, ನನಗೂ ಕೊಡಬೇಕೆಂದು ತೋಚಲಿಲ್ಲ.

ಫೈನಲ್ಲಿನಲ್ಲಿ ಸೋತೆವು. ಗೆದ್ದವರು ಮೀನುಗಾರರ ಹುಡುಗರು, ಬನಿಯನ್ನಿನ ಮೇಲೆ ಪೇಂಟಿನಲ್ಲಿ ನಂಬರು ಬರೆದುಕೊಂಡು ಬಂದವರು. ಕಡಲಿನಿಂದ ಗಾಳಿ ಎದ್ದಿತ್ತು. ನನ್ನ ದುಬಾರಿ ಹೊಡೆತಗಾರರು ಹೊಡೆದದ್ದು ಗೆರೆಯ ಆಚೆ ಬೀಳುತ್ತಿತ್ತು. ಲಿಫ್ಟರ್ ಗಾಳಿಗೆಂದು ಚೆಂಡು ತಗ್ಗಿಸಿ ಕೊಟ್ಟ. ಅವರಿಗೆ ಆ ಎತ್ತರ ಅಭ್ಯಾಸವಿಲ್ಲದೆ ಕೆಲವು ಚೆಂಡು ಬಲೆಗೆ ಬಡಿಯಿತು.

ಬಹುಮಾನ ವಿತರಣೆಗೆ ಅಧ್ಯಕ್ಷನಾಗಿ ನನ್ನ ಕೈಗೆ ಮೈಕು ಕೊಟ್ಟರು. ಊರೆಲ್ಲ ಸೇರಿತ್ತು. ಹಗ್ಗದ ಆಚೆಯಿಂದ ಯಾರೋ ಎಂಜಿನ್ನು ಹೋಯಿತಾ ಧಣಿ ಎಂದು ತಮಾಷೆ ಮಾಡಿದರು. ನಾನು ಮೈಕಿನಲ್ಲಿ ಹೇಳಿದೆ: "ನಮ್ಮ ತಂಡ ಆಟದಲ್ಲಿ ಸೋತದ್ದಲ್ಲ. ನಮ್ಮವನೇ ಒಬ್ಬ ದುಡ್ಡು ತಿಂದು ಚೆಂಡು ಕೆಳಗಿಟ್ಟ."

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅಂಕಣದಲ್ಲಿದ್ದವರಲ್ಲಿ ನಮ್ಮವನು ಎಂದು ಇದ್ದದ್ದು ಅವನೊಬ್ಬನೇ. ಅವನು ಆಗ ಕಂಬದಿಂದ ಬಲೆ ಬಿಚ್ಚಿ ಸುತ್ತುತ್ತಿದ್ದ. ಅರ್ಧ ಸುತ್ತಿದ ಬಲೆ ಹಿಡಿದುಕೊಂಡು ನಿಂತ. ಪೂರ್ತಿ ಸುತ್ತಿ ಮೇಜಿನ ಮೇಲೆ ಇಟ್ಟು ಹೋದ.

ಅವನು ದುಡ್ಡು ತಿಂದಿದ್ದಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅನುಮಾನವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬಂದು ಕಂಡಕ್ಟರ್ ಚೀಲ, ಪೀಪಿ ಎರಡನ್ನೂ ನನ್ನ ಮುಂದೆ ಇಟ್ಟ. ನಾನು ತೆಗೆದುಕೊಂಡೆ. ದುಡ್ಡು ತಿಂದವನೆಂಬ ಹೆಸರು ಬಂದ ಕಂಡಕ್ಟರನ್ನು ಯಾವ ಬಸ್ಸಿನವರು ಇಟ್ಟುಕೊಳ್ಳುತ್ತಾರೆ? ಆ ದಾರಿಯಲ್ಲಿ ಅವನಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಮುಂಬಯಿಗೆ ಹೋದನೆಂದು ಕೇಳಿದೆ.

ಸ್ಯಾನ್ ಫ್ರಾನ್ಸಿಸ್ಕೋ

ಜುಲೈ ತಿಂಗಳೆಂದು ನಾನು ತೆಳ್ಳಗಿನ ಅಂಗಿ ಹಾಕಿ ಹೊರಟಿದ್ದೆ. ಜಲಜ ಒಂದು ಕಂಬಳಿ ಮಡಚಿ ಚೀಲಕ್ಕೆ ತುರುಕುವಾಗ ಇವಳಿಗೆ ವಯಸ್ಸಾಯಿತು ಎಂದುಕೊಂಡೆ. ಭಾವ ನಮ್ಮನ್ನು ಪಕ್ಕದ ಊರಿನ ರೈಲು ನಿಲ್ದಾಣಕ್ಕೆ ಬಿಟ್ಟರು. ರೈಲು ಇಳಿದು ನಡೆಯುವ ದೂರದಲ್ಲೇ ಮೈದಾನ, ಕಡಲಿಗೆ ಅಂಟಿಕೊಂಡೇ ಇದೆ. ಮಂಜು ಗುಡ್ಡ ಇಳಿದು ಬರುತ್ತಿತ್ತು. ಆಟ ಶುರುವಾಗುವ ಮೊದಲೇ ಆ ಕಂಬಳಿ ನನ್ನ ಹೆಗಲ ಮೇಲಿತ್ತು. ಅವಳು ಏನೂ ಹೇಳಲಿಲ್ಲ. ಹೇಳದೆ ಇರುವುದರಲ್ಲಿ ಅವಳಿಗಿದ್ದ ಸಂತೋಷ ಮುಖದಲ್ಲೇ ಕಾಣುತ್ತಿತ್ತು.

ಅಲ್ಲಿ ಜನ ಆಟ ನೋಡುವುದಕ್ಕಿಂತ ಹೆಚ್ಚಾಗಿ ತಿನ್ನಲು ಬಂದ ಹಾಗಿರುತ್ತಾರೆ. ಬೆಳ್ಳುಳ್ಳಿ ಹಾಕಿದ ಆಲೂಗೆಡ್ಡೆಯ ಘಮ ನಮ್ಮ ಜಾತ್ರೆಯ ಗೋಳಿಬಜೆಯಂತೆ ಎಲ್ಲ ಕಡೆ ಹಬ್ಬಿತ್ತು. ನೆಲಗಡಲೆ ಮಾರುವವನು ಪೊಟ್ಟಣವನ್ನು ದೂರದಿಂದಲೇ ಎಸೆಯುತ್ತಾನೆ, ಕೊಂಡವನು ಹಿಡಿಯುತ್ತಾನೆ. ಸಿಪ್ಪೆಯನ್ನು ಎಲ್ಲರೂ ಕಾಲ ಬುಡಕ್ಕೇ ಹಾಕುತ್ತಾರೆ. ರಸ್ತೆಯಲ್ಲಿ ಒಂದು ಕಾಗದದ ಚೂರು ಬೀಳಿಸದ ಜನ ಇಲ್ಲಿ ರಾಶಿ ಹಾಕುವುದನ್ನು ನೋಡಿ ನನಗೆ ಧೈರ್ಯವಾಗಲಿಲ್ಲ. ನಾನು ನನ್ನ ಸಿಪ್ಪೆಗಳನ್ನು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡೆ.

ಪಕ್ಕದಲ್ಲಿ ನನ್ನ ವಯಸ್ಸಿನ ಒಬ್ಬ ಬಿಳಿಯ. ಕೈಯಲ್ಲಿ ಹಳೆಯ ಚರ್ಮದ ಗ್ಲೌಸು, ಚೆಂಡು ಬಂದರೆ ಹಿಡಿಯಲು ಚಿಕ್ಕಂದಿನಿಂದ ತರುತ್ತಿದ್ದಾನಂತೆ. ಒಮ್ಮೆಯೂ ಸಿಕ್ಕಿಲ್ಲವಂತೆ. ಜಲಜ ಅವನೊಡನೆ ಬೇಗ ಮಾತಿಗೆ ಬಿದ್ದಳು. ಅವಳ ಇಂಗ್ಲಿಷು ರೇಡಿಯೋದವನ ಇಂಗ್ಲಿಷು, ನಿಧಾನ, ಗಂಭೀರ.

ಆಟ ನನಗೆ ಅರ್ಧ ತಿಳಿಯಿತು. ಎಸೆಯುವವನು ಎಸೆಯುತ್ತಾನೆ, ದಾಂಡಿನವನು ಹೆಚ್ಚಾಗಿ ತಪ್ಪುತ್ತಾನೆ, ಹೊಡೆದರೆ ಸುತ್ತು ಹಾಕಿ ಹೊರಟ ಜಾಗಕ್ಕೇ ಬರಬೇಕು. ಆದರೆ ಒಂದು ಪದ್ಧತಿ ನನ್ನನ್ನು ಹಿಡಿದು ನಿಲ್ಲಿಸಿತು. ಒಬ್ಬೊಬ್ಬ ದಾಂಡಿಗ ಬರುವಾಗಲೂ ಮೈಕಿನಲ್ಲಿ ಅವನು ನಿಲ್ಲುವ ಸ್ಥಾನ, ನಂಬರು, ಹೆಸರು ಹೇಳುತ್ತಾರೆ. ಎದುರಾಳಿಯದ್ದೂ ಹೇಳುತ್ತಾರೆ. ಎಲ್ಲರಿಗಿಂತ ಕಡಿಮೆ ಸಂಬಳದವನದ್ದೂ ಹೇಳುತ್ತಾರೆ. ಹೇಳದೆ ಯಾರೂ ಆಡುವುದಿಲ್ಲ.

ಅಂದು ಎದುರಿಗಿದ್ದದ್ದು ಕಡಿಮೆ ಖರ್ಚಿನ ತಂಡ. ನಮ್ಮ ಕಡೆ, ಅಂದರೆ ಪಾಟೀಲರ ಕಡೆ, ತಂಡದಲ್ಲೇ ದುಬಾರಿಯಾದ ಒಬ್ಬ ಆಳು ಇದ್ದ. ಅವನ ಒಬ್ಬನ ಸಂಬಳದಲ್ಲಿ ಆಚೆಯವರ ಅರ್ಧ ತಂಡವನ್ನು ಕೊಳ್ಳಬಹುದು ಎಂದಳು ಜಲಜ. ಸುತ್ತಿನ ದಾರಿಯಲ್ಲಿ ನಿಲ್ಲುವ ಮೂರು ಕಟ್ಟೆಗಳಲ್ಲೂ ತನ್ನವರು ನಿಂತು, ಒಂದು ಹೊಡೆತ ಬಿದ್ದರೆ ಓಡಿ ಬರಲು ಕಾಯುತ್ತಿದ್ದಾಗ ಅವನು ಬಂದ. ನಲವತ್ತು ಸಾವಿರ ಜನ ಎದ್ದರೋ ಏನೋ, ನನಗೆ ಹಾಗೆ ಕಂಡಿತು. ಮೂರು ಚೆಂಡೂ ತಪ್ಪಿದ. ತಲೆ ತಗ್ಗಿಸಿ ಹೋದ. ಮುಂದೆ ಇನ್ನೊಮ್ಮೆ ಬಂದ, ಮತ್ತೆ ತಪ್ಪಿದ.

ನಾನು ಕಾದೆ. ಈಗ ಬಯ್ಯುತ್ತಾರೆ, ಈಗ ಕಳ್ಳ ಎನ್ನುತ್ತಾರೆ. ಕೆಲವರು ಹೋ ಎಂದು ಕೂಗಿದರು, ನಿಜ. ಆದರೆ ದುಡ್ಡು ತಿಂದ ಎಂದು ಯಾರ ಬಾಯಿಂದಲೂ ಬರಲಿಲ್ಲ. ಪಕ್ಕದ ಮುದುಕನನ್ನು ಜಲಜಳ ಮೂಲಕ ಕೇಳಿಸಿದೆ: ಇಷ್ಟು ದುಡ್ಡು ಕೊಟ್ಟ ಮೇಲೂ ಹೀಗಾದರೆ ನಿಮಗೆ ಸಿಟ್ಟು ಬರುವುದಿಲ್ಲವೇ? ಅವನು ಸಿಪ್ಪೆ ಉದುರಿಸುತ್ತಾ, ಇಲ್ಲಿ ಹತ್ತು ಸಲಕ್ಕೆ ಮೂರು ಸಲ ಹೊಡೆದವನು ದೊಡ್ಡ ಆಟಗಾರ, ಉಳಿದ ಏಳು ಸಲ ಅವನೂ ನನ್ನ ಹಾಗೆ ಎಂದ. ನಾಳೆ ಇನ್ನೊಂದು ಆಟ ಇದೆ ಎಂದೂ ಹೇಳಿದ.

ಆಮೇಲೆ ನನ್ನ ಅವಾಂತರ. ದಾಂಡಿನ ಅಂಚಿಗೆ ತಾಗಿದ ಚೆಂಡೊಂದು ನಮ್ಮ ಕಡೆ ಹಾರಿ ಬಂತು. ಮುಂದಿನ ಮೆಟ್ಟಿಲಿಗೆ ಬಡಿದು ನನ್ನ ನೇರಕ್ಕೆ ಪುಟಿಯಿತು. ಎಲ್ಲರೂ ಬೊಗಸೆ ಒಡ್ಡುತ್ತಾರೆ ಅಥವಾ ತಲೆ ತಗ್ಗಿಸುತ್ತಾರೆ. ನಾನು ಕಂಬಳಿ ಬೀಳಿಸಿ ಎದ್ದು, ಎರಡು ಕೈ ಜೋಡಿಸಿ, ಮೊಣಕಾಲು ಬಗ್ಗಿಸಿ, ಮುಂಗೈ ಒಡ್ಡಿದೆ. ಅಷ್ಟು ವರ್ಷ ವಾಲಿಬಾಲ್ ಅಂಕಣದ ಬದಿಯಲ್ಲಿ ಕೂತವನಿಗೆ ಬೇರೆ ಏನೂ ಹೊಳೆಯಲಿಲ್ಲ. ಆ ಚೆಂಡು ಕಲ್ಲಿನಂತಿರುತ್ತದೆ ಎಂಬುದು ತಾಗಿದ ಮೇಲೆ ತಿಳಿಯಿತು. ಅದು ನನ್ನ ಮುಂಗೈಯಿಂದ ನೆಟ್ಟಗೆ ಮೇಲೆದ್ದು ಪಕ್ಕದ ಮುದುಕನ ಗ್ಲೌಸಿನೊಳಗೆ ಬಿತ್ತು. ಅವನು ಕೈಯೊಳಗಿನ ಚೆಂಡನ್ನು ನೋಡಿದ, ನನ್ನನ್ನು ನೋಡಿದ, ನನ್ನನ್ನು ತಬ್ಬಿಕೊಂಡ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಕರವಸ್ತ್ರದ ಗಂಟು ಬಿಚ್ಚಿ ನನ್ನ ಸಿಪ್ಪೆಗಳೆಲ್ಲ ನೆಲಕ್ಕೆ ಬಿದ್ದು ಉಳಿದವರದ್ದರ ಜೊತೆ ಸೇರಿದವು.

ಜಲಜ ನಗುತ್ತಾ ತನ್ನ ತಂಪು ಪಾನೀಯದ ಐಸನ್ನು ನನ್ನ ಮುಂಗೈಗೆ ಒತ್ತಿದಳು. ನಾವು ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಹೀಗೆ: "ಒಳ್ಳೆ ಪಾಸು ಮಾರಾಯ. ಮೇಲೆತ್ತಿ ಕೊಡ್ಲಿಕ್ಕೆ ಅವನೊಬ್ಬ ಇರಬೇಕಿತ್ತು." ಅವನು ಎನ್ನಲಿಲ್ಲ ಅವಳು, ಲಿಫ್ಟರಿನ ಹೆಸರನ್ನೇ ಹೇಳಿದಳು. ಹುಡುಗಿಯಾಗಿದ್ದಾಗ ಶೆಡ್ಡಿನ ಗೋಡೆಯ ಮೇಲೆ ಕೂತು ಅವನ ಆಟ ನೋಡಿದವಳು. ಹೇಳಿದ ಕೂಡಲೇ ಅವಳ ಬಾಯಿ ಕಹಿಯಾಯಿತು. "ಕಳ್ಳ," ಎಂದಳು.

ಕೊನೆಗೆ ಕಡಲ ಹಕ್ಕಿಗಳು ಬಂದು ಮೈದಾನದ ಮೇಲೆ ಸುತ್ತಿದವು. ಆಟ ಮುಗಿಯುವ ಹೊತ್ತು ಅವುಗಳಿಗೆ ಗೊತ್ತಂತೆ, ಸಿಪ್ಪೆಗೆ ಬರುತ್ತವೆ. ಸಿರಿವಂತ ತಂಡ ಸೋತಿತು. ಜನ ಮಕ್ಕಳನ್ನು ಹೆಗಲಿಗೇರಿಸಿ, ಊಟ ಎಲ್ಲಿ ಮಾಡುವ ಎಂದು ಮಾತಾಡುತ್ತಾ ಹೊರಟರು.

ವಾಪಸು ರೈಲು

ಕಿಟಕಿಯ ಹತ್ತಿರ ಎದುರುಬದುರು ಕೂತೆವು. ಬಿಸಿಲು ಮತ್ತೆ ಬಂದಿತ್ತು. ಮುದುಕ ಬೀಳ್ಕೊಳ್ಳುವಾಗ ತನ್ನ ಟೊಪ್ಪಿಯ ಪಿನ್ನೊಂದನ್ನು ನನ್ನ ಅಂಗಿಗೆ ಚುಚ್ಚಿ ಹೋಗಿದ್ದ. ಒಟ್ಟಿನಲ್ಲಿ ಅಷ್ಟು ಸುಖವಾಗಿ ಒಂದು ದಿನ ಕಳೆದು ಬಹಳ ಕಾಲವಾಗಿತ್ತು.

ಜಲಜ ಕೇಳಿದಳು, "ಅಣ್ಣ, ಆ ಫೈನಲ್ಲಿಗೆ ಅವನಿಗೆ ಅವರು ಎಷ್ಟು ಕೊಟ್ಟಿದ್ರು?"

ಹೇಳದೆ ಇರಬಹುದಿತ್ತು. ಯಾರಿಗೆ ನೆನಪುಂಟು ಎಂದರೆ ಮುಗಿಯುತ್ತಿತ್ತು. ಮುಂಗೈ ಊದಿಕೊಂಡು ಬಡಿದುಕೊಳ್ಳುತ್ತಿತ್ತು.

"ಯಾರೂ ಏನೂ ಕೊಡಲಿಲ್ಲ."

"ಮತ್ತೆ ನೀನು ಮೈಕಿನಲ್ಲಿ ಹೇಳಿದ್ದು?"

"ಸುಳ್ಳು. ಸೋತೆವಲ್ಲ, ನಾಚಿಕೆಯಾಯ್ತು. ಬಾಯಿಗೆ ಬಂದದ್ದು ಹೇಳಿದೆ."

ಅವಳು ಮಡಿಲಲ್ಲಿ ಕಂಬಳಿ ಮಡಚತೊಡಗಿದಳು. ಮಡಚಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಚಿದಳು. ಆಮೇಲೆ, ನನ್ನ ಮುಖ ನೋಡದೆ, ನಾನು ಎಂದೂ ಕೇಳಿರದ ಒಂದು ಸಂಗತಿ ಹೇಳಿದಳು. ಒಂದು ರಜೆಯಲ್ಲಿ ಊರಿಗೆ ಬಂದಿದ್ದಾಗ ಮೂಲ್ಕಿಯ ಒಂದು ಮದುವೆಯಲ್ಲಿ ಅವನು ಹೆಂಡತಿಯನ್ನು ಕರೆದುಕೊಂಡು ಇವಳ ಹತ್ತಿರ ಬಂದನಂತೆ. ನಮ್ಮ ಧಣಿಗಳ ತಂಗಿ ಎಂದು ಹೆಂಡತಿಗೆ ಪರಿಚಯ ಹೇಳಿದನಂತೆ. ಸೌಖ್ಯವೇ ಎಂದು ಕೇಳಿದನಂತೆ. ಇವಳು ಉತ್ತರ ಕೊಡದೆ ಎದ್ದು ಬೇರೆ ಸಾಲಿನಲ್ಲಿ ಹೋಗಿ ಕೂತಳು.

"ನಿನಗೋಸ್ಕರ ಮಾಡಿದ್ದು ಅಂತ ಇಷ್ಟು ವರ್ಷ ಖುಷಿಯಲ್ಲಿದ್ದೆ," ಎಂದಳು. "ಆ ಹೆಂಗಸಿನ ಮುಖ ನನಗೆ ಈಗಲೂ ಕಾಣ್ತದೆ."

ನಾನು ಮಾಡಿದ ತಪ್ಪು ನನ್ನೊಂದಿಗೇ ಹೋಗುತ್ತದೆ ಎಂದುಕೊಂಡಿದ್ದೆ. ಅದು ನನ್ನ ತಂಗಿಯ ಕೈಯಲ್ಲೂ ಒಂದು ತಪ್ಪು ಮಾಡಿಸಿ, ಅವಳ ಜೊತೆ ಕಡಲು ದಾಟಿ ಅಲ್ಲಿ ವಾಸವಾಗಿತ್ತು. ಇಳಿಯುವ ನಿಲ್ದಾಣ ಬಂತು. ಭಾವ ಕಾರಿನ ಬಾಗಿಲು ತೆಗೆದು ಯಾರು ಗೆದ್ದರು ಎಂದು ಕೇಳಿದರು. ಅಪರೂಪಕ್ಕೆ ಅವರೇ ಕೇಳಿದ ಪ್ರಶ್ನೆಗೆ ಜಲಜ ಕಂಬಳಿಯ ಚೀಲವನ್ನು ಅವರ ಕೈಗೆ ಕೊಟ್ಟು ಹಿಂದಿನ ಸೀಟು ಹತ್ತಿದಳು.

ಗ್ಯಾರೇಜು

ಮರುದಿನವಿಡೀ ಜಲಜ ನನ್ನೊಡನೆ ಮಾತು ಬಿಟ್ಟಳು. ನೀರುದೋಸೆ ಮಾಡಿ ಮೇಜಿನ ಮೇಲೆ ಇಟ್ಟಳು, ನನಗೆ ಚಟ್ನಿ ಇಡಲಿಲ್ಲ. ಭಾವ ಪೇಪರಿನ ಮರೆಯಲ್ಲಿ ತಮ್ಮ ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು. ಸಂಜೆ ಗ್ಯಾರೇಜಿನಲ್ಲಿ ರೇಡಿಯೋ ಕೇಳಿಸಿತು, ಮೀನಿನ ವಾಸನೆ ಬಂತು. ಹೋಗಿ ಕೆಳಮೆಟ್ಟಿಲಲ್ಲಿ ಕೂತೆ.

ಅವಳು ಒಲೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಈಗ ಎಲ್ಲಿದ್ದಾನೆ?"

ಮುಂಬಯಿಯಿಂದ ಬಂದು ಬೆಳ್ಮಣ್ಣಿನಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದೇನೆ, ಕಂಡಾಗ ರಸ್ತೆಯ ಆಚೆ ಬದಿಗೆ ದಾಟಿದ್ದೇನೆ ಎಂದೂ ಹೇಳಿದೆ. ಫೋನ್ ನಂಬರು ಹುಡುಕಿಸಿ ಮಾತಾಡುತ್ತೇನೆ ಎಂದೆ. ಹಾಗೆ ಹೇಳುವಾಗ ನನಗೇ ಸ್ವಲ್ಪ ಹಗುರವಾಯಿತು.

ಅವಳು ಮೀನು ಮಗುಚಿ ಹಾಕಿ ನನ್ನ ಕಡೆ ತಿರುಗಿದಳು. "ಫೋನಿನಲ್ಲಿ ಹೇಳಿದ್ರೆ ಅವನೊಬ್ಬ ಕೇಳ್ತಾನೆ. ಅವನಿಗೆ ಹೇಗೂ ಗೊತ್ತುಂಟಲ್ಲ ಅಣ್ಣ, ತಾನು ತಿನ್ನಲಿಲ್ಲ ಅಂತ. ಗೊತ್ತಾಗಬೇಕಾದ್ದು ಹಗ್ಗದ ಹೊರಗೆ ನಿಂತವರಿಗೆ."

ಅವಳು ಒಲೆ ಸಣ್ಣ ಮಾಡಿದಳು.

"ನೀನು ಮೈಕಿನಲ್ಲಿ ಹೇಳಿದ್ದು. ಹೆಸರು ಹೇಳದೆ ಹೇಳಿದ್ದು. ಈಗ ಹೆಸರು ಹೇಳಿ ಹೇಳು," ಎಂದಳು.

ಹುರಿದ ಬಂಗುಡೆಯೊಂದನ್ನು ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟಳು, ಪಕ್ಕದಲ್ಲಿ ಈರುಳ್ಳಿ, ಒಂದು ಹೋಳು ಲಿಂಬೆ. ರೇಡಿಯೋದಲ್ಲಿ ಹೊಸ ಆಟ ಶುರುವಾಗಿತ್ತು. ನಿನ್ನೆ ತಪ್ಪಿದ ಆ ದುಬಾರಿ ಆಳಿನ ಹೆಸರನ್ನು ಮೈಕಿನವನು ನಿನ್ನೆಯಷ್ಟೇ ಮರ್ಯಾದೆಯಿಂದ ಹೇಳಿದ್ದು ರೇಡಿಯೋದವನ ದನಿಯ ಹಿಂದಿನಿಂದ ಕೇಳಿಸಿತು. ಅಂದು ಅವನು ಹೊಡೆದ. ಜಲಜ ಸಟ್ಟುಗ ಎತ್ತಿ ಹಿಡಿದಳು. ಅವಳದ್ದಲ್ಲದ ತಂಡಕ್ಕೆ ಅವಳು ಹಾಗೆ ಮಾಡಿದ್ದು ಅದೇ ಮೊದಲಂತೆ, ಭಾವ ಆಮೇಲೆ ಹೇಳಿದರು.

ಉಳಿದ ದಿನಗಳು ಚೆನ್ನಾಗಿಯೇ ಕಳೆದವು. ಸರಟೋಗಾದ ಗುಡ್ಡದ ಮೇಲೆ ಕೂತು ಕಿತ್ತಳೆ ತಿಂದೆವು, ಬಾತುಗಳು ನನ್ನನ್ನು ಗುರುತು ಹಿಡಿಯತೊಡಗಿದವು. ಹೊರಡುವ ದಿನ ಪೂರ್ವಿ ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ಅಂದು ಊಟದ ಹೊತ್ತಿಗೆ ಯಾರು ಎಂದು ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಯಾರೂ ಏನೂ ಮಾಡಿರಲಿಲ್ಲ, ಮಗಾ, ಗಾಳಿ ಇತ್ತು ಎಂದೆ. ಅವಳು ಯಾವ ಗಾಳಿ ಎಂದು ಕೇಳಲಿಲ್ಲ, ಓಕೆ ಅಜ್ಜ ಎಂದು ನನ್ನ ಚೀಲ ಎತ್ತಿಕೊಂಡಳು.

ನನ್ನ ಕೈಯಲ್ಲಿ ಈಗ ಮೈಕಿಲ್ಲ. ಆ ದಿನ ಹಗ್ಗದ ಹೊರಗೆ ನಿಂತವರಲ್ಲಿ ಉಳಿದವರು, ಅವರ ಮಕ್ಕಳು, ಈ ಪತ್ರಿಕೆ ಓದುತ್ತಾರೆ. ಸಂಚಿಕೆ ಬಂದ ದಿನ ಒಂದು ಪ್ರತಿ ಹಿಡಿದು ಬೆಳ್ಮಣ್ಣಿಗೆ, ಲಿಫ್ಟರಿನ ಮಗಳ ಮನೆಗೆ, ಹೋಗುತ್ತೇನೆ, ಸಾಮಾನ್ಯ ಬಸ್ಸಿನಲ್ಲಿ, ಟಿಕೇಟು ತೆಗೆದು. ಬಾಗಿಲು ತೆರೆಯುವುದು, ತೆರೆಯದಿರುವುದು ಅವರ ಇಷ್ಟ. ಅದಕ್ಕೆ ಮೊದಲು ಅಂದು ಮೈಕಿನಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಹೇಳುತ್ತೇನೆ. ಅವರು ಯಾರಿಂದಲೂ ಒಂದು ಪೈಸೆ ತಿನ್ನಲಿಲ್ಲ. ನನ್ನಿಂದಲೂ ತೆಗೆದುಕೊಳ್ಳಲಿಲ್ಲ. ಗಾಳಿಗೆ ಸರಿಯಾಗಿ ಆಡಿದವರು ನಮ್ಮ ಅಂಕಣದಲ್ಲಿ ಅವರೊಬ್ಬರೇ. ಲಿಫ್ಟರ್, ನಂಬರ್ ನಾಲ್ಕು, ಬೆಳ್ಮಣ್ಣಿನ ಸಂಜೀವ ಸಾಲ್ಯಾನ್.